ಚಾಕೊಲೇಟ್ ಮೇಲಿನ ಹಸಿರು ಕಪ್ಪೆಯನ್ನು ನಂಬಬಹುದಾ?

ಪ್ರಶ್ನೆ: ತಮ್ಮ ಗಲ್ಫ್‌ನಿಂದ ಚಾಕೊಲೇಟ್ ತಂದಿದ್ದಾನೆ. ರ‍್ಯಾಪರ್ ಮೇಲೆ ಹಸಿರು ಕಪ್ಪೆಯ ಮುದ್ರೆ ಇದೆ. ಮಕ್ಕಳನ್ನು ದುಡಿಸದೆ, ರೈತರಿಗೆ ಒಳ್ಳೆ ರೇಟು ಕೊಟ್ಟು ಮಾಡಿದ್ದು ಅಂತ ಅರ್ಥವಾ? (ಮಂಗಳೂರಿನ ಓದುಗರು)

ಅಷ್ಟೆಲ್ಲ ಅರ್ಥ ಇಲ್ಲ. ಹಾಗಂತ ಸುಮ್ನೆ ಅಂಟಿಸಿದ್ದೂ ಅಲ್ಲ.

ಆ ಕಪ್ಪೆ ರೈನ್‌ಫಾರೆಸ್ಟ್ ಅಲಯನ್ಸ್ ಸಂಸ್ಥೆಯದ್ದು. ಅದರ ನಿಯಮದಂತೆ ಬೆಳೆದ ಕೊಕ್ಕೊವನ್ನು ಕಂಪನಿ ಖರೀದಿಸಿದೆ ಅಂತ ಅದು ಹೇಳುತ್ತದೆ. ನಿಮ್ಮ ಕೈಯಲ್ಲಿರುವ ತುಂಡಿನಲ್ಲಿ ಅದೇ ಬೀಜ ಇರಬೇಕೆಂದಿಲ್ಲ. ಕೊಕ್ಕೊಗೆ ‘ಮಾಸ್ ಬ್ಯಾಲೆನ್ಸ್’ ಲೆಕ್ಕ ನಡೆಯುತ್ತದೆ, ಅಂದರೆ ನಿಯಮದಂತೆ ಬೆಳೆದ ಬೀಜ ಬೇರೆ ಬೀಜದ ಜೊತೆ ಬೆರೆಯಬಹುದು, ತೂಕದ ಲೆಕ್ಕ ಮಾತ್ರ ಸರಿ ಇರಬೇಕು. ಫೇರ್‌ಟ್ರೇಡ್ ಅನ್ನುವ ಇನ್ನೊಂದು ಮುದ್ರೆಯಲ್ಲೂ ಅಷ್ಟೇ. ಹಾಲಿನ ಸೊಸೈಟಿಯ ಹಾಗೆ: ನೀವು ಹಾಕಿದ ಹತ್ತು ಲೀಟರ್ ಪುಸ್ತಕದಲ್ಲಿ ಇರುತ್ತದೆ, ಕ್ಯಾನಿನಲ್ಲಿ ಹುಡುಕಿದರೆ ಸಿಗದು.

ಇನ್ನು ಮಕ್ಕಳ ವಿಷಯ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೊಕ್ಕೊ ಐವರಿ ಕೋಸ್ಟ್ ಮತ್ತು ಘಾನಾದ್ದು. ಅಲ್ಲಿ ಬಾಲಕಾರ್ಮಿಕ ಪದ್ಧತಿಯ ಕ್ರೂರ ರೂಪಗಳನ್ನು 2005ರೊಳಗೆ ನಿಲ್ಲಿಸುತ್ತೇವೆ ಅಂತ ಚಾಕೊಲೇಟ್ ಉದ್ಯಮ 2001ರಲ್ಲೇ ಸಹಿ ಹಾಕಿತ್ತು. ನಿಲ್ಲಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆಯ 2020ರ ವರದಿ ಎರಡೂ ದೇಶಗಳ ಕೊಕ್ಕೊ ತೋಟಗಳಲ್ಲಿ ದುಡಿಯುವ ಮಕ್ಕಳು ಸುಮಾರು 15.6 ಲಕ್ಷ ಎಂದಿತು. ಕಪ್ಪೆ ಮುದ್ರೆ ಇದ್ದರೆ ಮಕ್ಕಳ ದುಡಿಮೆ ಇಲ್ಲವೇ ಇಲ್ಲ ಅಂತ ಆ ಸಂಸ್ಥೆಯೇ ಗ್ಯಾರಂಟಿ ಕೊಡುವುದಿಲ್ಲ. ಹುಡುಕಿ ಸರಿಪಡಿಸುವ ವ್ಯವಸ್ಥೆ ಇರಬೇಕು ಅನ್ನುತ್ತದೆ. ಪ್ರಾಮಾಣಿಕ ಮಾತೇ. ಆದರೆ ಜಾಹೀರಾತಿಗೆ ಬರುವುದು ನಗುವ ರೈತ ಮಾತ್ರ.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ರೇಟು. ಫೇರ್‌ಟ್ರೇಡ್‌ನಲ್ಲಿ ಕನಿಷ್ಠ ಬೆಲೆ ಇದೆ, ಕಪ್ಪೆಯಲ್ಲಿ ಇಲ್ಲ. ಅಡಿಕೆ ತೋಟದಲ್ಲಿ ಕೊಕ್ಕೊ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಳಿಲು ಕೊರೆದ ಕಾಯಿ ಬದಿಗಿಟ್ಟು, ಉಳಿದದ್ದನ್ನು ಒಡೆದು, ಬಿಳಿ ಲೋಳೆ ಮೆತ್ತಿದ ಹಸಿಬೀಜವನ್ನು ತೂಗಿಸಲು ಒಯ್ಯುವವರು ಮೊದಲು ನೋಡುವುದು ಪೇಪರಿನಲ್ಲಿ ಬಂದ ಕ್ಯಾಂಪ್ಕೊ (ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ) ರೇಟು. 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ನಮ್ಮಲ್ಲಿ ಹಸಿಬೀಜದ ರೇಟೂ ಜಿಗಿಯಿತು. ಘಾನಾ, ಐವರಿ ಕೋಸ್ಟ್‌ಗಳಲ್ಲಿ ಸರ್ಕಾರ ಸೀಸನ್ನಿಗೆ ಮೊದಲೇ ಬೆಲೆ ನಿಗದಿ ಮಾಡುತ್ತದೆ. ಹಾಗಾಗಿ ಆ ಏರಿಕೆಯ ದೊಡ್ಡ ಪಾಲು ಅಲ್ಲಿನ ರೈತರಿಗೆ ತಲುಪಲಿಲ್ಲ.

ಹಾಗಾದರೆ ಇಲ್ಲಿ ತಯಾರಾದ ಚಾಕೊಲೇಟ್ ತಿಂದರೆ ಸಾಕಾ? ಪುತ್ತೂರಿನಲ್ಲಿ ಕ್ಯಾಂಪ್ಕೊ ಫ್ಯಾಕ್ಟರಿ 1986ರಿಂದ ಇದೆ, ನಿಜ. ಆದರೆ ದೇಶದಲ್ಲಿ ಬೆಳೆಯುವ ಕೊಕ್ಕೊ ಬೇಡಿಕೆಗೆ ಸಾಲದು, ಆಮದು ನಡೆದೇ ಇದೆ. ರ‍್ಯಾಪರ್ ಮೇಲೆ ‘ಭಾರತದಲ್ಲಿ ತಯಾರಿಸಿದ್ದು’ ಅಂತ ಇದ್ದರೆ ಅದು ಫ್ಯಾಕ್ಟರಿಯ ಊರು. ಬೀಜದ ಊರು ಬೇರೆ ಇರಬಹುದು. ಅದನ್ನು ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದು ಕೇಳಿ.