ಮೆಲನೋಮಾ ಮಾತ್ರೆ ನುಂಗುವಾಗ ಜ್ವರ ಬಂತು. ಮಾತ್ರೆ ಕೊಡಬೇಕಾ, ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. ಬೆನ್ನಿನ ಮೇಲಿದ್ದ ಮಚ್ಚೆ ಮೆಲನೋಮಾ ಎಂದು ಗೊತ್ತಾಗಿ ಆಪರೇಷನ್ ಆಯಿತು. ಆಮೇಲೆ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಅಂತ ಎರಡು ಮಾತ್ರೆ ಬರೆದುಕೊಟ್ಟಿದ್ದಾರೆ. ಮೂರು ವಾರ ಚೆನ್ನಾಗಿಯೇ ಇದ್ದರು. ನಿನ್ನೆ ರಾತ್ರಿ ಚಳಿ ಹತ್ತಿ 101 ಜ್ವರ ಬಂತು. ಕ್ಯಾನ್ಸರ್ ಮಾತ್ರೆ ಒಂದು ದಿನವೂ ತಪ್ಪಿಸಬಾರದು ಅಂತಾರೆ ಎಲ್ಲರೂ. ಜ್ವರ ಇದ್ದಾಗಲೂ ಕೊಡಬೇಕಾ? ನಿಲ್ಲಿಸಿದರೆ ಗಡ್ಡೆ ಮತ್ತೆ ಬಂದುಬಿಡುತ್ತಾ?

ಉತ್ತರ: ಎರಡನ್ನೂ ನಿಲ್ಲಿಸಿ. ಇವತ್ತೇ, ಈಗಲೇ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ.

ಈಗ ನಿಮ್ಮ ಭಯದ ಬಗ್ಗೆ ಮಾತಾಡೋಣ. ನಾನು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವವಳು. ಈ ಎರಡು ಬಾಟಲಿ ಕೈಗೆ ಕೊಟ್ಟ ತಿಂಗಳೊಳಗೆ ಮನೆಯವರು ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಕೆಲವರು ಜ್ವರ ಬಂದ ಮೇಲೂ ಮೂರು ದಿನ ಮಾತ್ರೆ ಕೊಟ್ಟು, ಆಮೇಲೆ ಎತ್ತಿಕೊಂಡೇ ಬರುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡಿರುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೆಲನೋಮಾ. ಬಿಳಿ ಚರ್ಮದವರಲ್ಲಿ ಜಾಸ್ತಿ, ನಮ್ಮಲ್ಲಿ ಅಪರೂಪ. ನಮ್ಮವರಿಗೆ ಬಂದಾಗ ಎಷ್ಟೋ ಸಲ ಅಂಗಾಲು, ಅಂಗೈ, ಉಗುರಿನ ಕೆಳಗೆ ಕಾಣಿಸಿಕೊಳ್ಳುತ್ತದೆ. ಚರ್ಮದ ಮೆಲನೋಮಾ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಗಡ್ಡೆಯಲ್ಲಿ ಬಿರಾಫ್ ಅನ್ನುವ ಜೀನ್ ಕೆಟ್ಟಿರುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಅಂಗಾಲು, ಉಗುರಿನ ಮೆಲನೋಮಾದಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ.

ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಆನ್ ಆದಲ್ಲೇ ಕಚ್ಚಿಕೊಂಡರೆ ಏನಾಗುತ್ತದೆ? ಯಾರೂ ಒತ್ತದೆ ಇದ್ದರೂ ಮೋಟರ್ ಓಡುತ್ತಲೇ ಇರುತ್ತದೆ. ಕೆಟ್ಟ ಬಿರಾಫ್ ಮಾಡುವುದೂ ಇದನ್ನೇ. ಬೆಳಿ, ಬೆಳಿ ಎಂದು ಕೋಶಕ್ಕೆ ಹೇಳುತ್ತಲೇ ಇರುತ್ತದೆ. ಡಾಬ್ರಾಫೆನಿಬ್ ಆ ಸ್ಟಾರ್ಟರನ್ನೇ ಹಿಡಿಯುತ್ತದೆ. ಟ್ರಾಮೆಟಿನಿಬ್ ಅದರ ಮುಂದಿನ ವೈರನ್ನು, ಅಂದರೆ ಮೆಕ್ ಅನ್ನುವ ಪ್ರೋಟೀನನ್ನು ತಡೆಯುತ್ತದೆ. ಎರಡು ಕಡೆ ತಡೆದರೆ ಕ್ಯಾನ್ಸರಿಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. 2014ರಿಂದ ಅಮೆರಿಕದಲ್ಲಿ ಈ ಜೋಡಿಗೆ ಒಪ್ಪಿಗೆ ಇದೆ. ಆಪರೇಷನ್ ಆದ ಮೇಲೆ ಕಾಯಿಲೆ ಮರಳದಿರಲಿ ಎಂದು ಕೊಡುವಾಗ ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ನಿಮ್ಮ ಅಪ್ಪನಿಗೆ ಕೊಟ್ಟಿರುವುದೂ ಹಾಗೇ ಇರಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿರಾಫ್ ಕೆಟ್ಟಿಲ್ಲದ ಕೋಶಕ್ಕೆ ಇಂಥ ಔಷಧಿ ಕೊಟ್ಟರೆ ಬೆಳವಣಿಗೆ ನಿಲ್ಲುವ ಬದಲು ಚುರುಕಾಗಬಹುದು. ಹಾಗಾಗಿ ಜೀನ್ ಪರೀಕ್ಷೆ ಮಾಡದೆ ಯಾರೂ ಇದನ್ನು ನುಂಗಬಾರದು. ಮಿಕ್ಕಿದ ಮಾತ್ರೆಯನ್ನು, "ಪಾಪ, ಅವರಿಗೂ ಕ್ಯಾನ್ಸರ್ ಅಂತೆ" ಎಂದು ಪಕ್ಕದ ಮನೆಯವರಿಗೆ ಕೊಡಬೇಡಿ.

ಈಗ ಜ್ವರ. ಈ ಜೋಡಿ ತಗೊಳ್ಳುವವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಲ ಜ್ವರ ಬರುತ್ತದೆ. ಮೊದಲ ಕೆಲವು ವಾರಗಳಲ್ಲೇ ಜಾಸ್ತಿ. ಯಾವ ಸೋಂಕೂ ಇಲ್ಲದೆ, ಬರೀ ಔಷಧಿಯಿಂದಲೇ ಬರುತ್ತದೆ. ಬೇರೆ ಕಾಯಿಲೆಗಳಲ್ಲಿ ಜ್ವರ ಬಂದರೂ ಬಿಪಿ ಮಾತ್ರೆ, ಶುಗರ್ ಮಾತ್ರೆ ಬಿಡಬೇಡಿ ಅಂತೀವಿ ಅಲ್ವಾ? ಇಲ್ಲಿ ನಿಯಮ ತಿರುಗಾಮುರುಗಾ. ಜ್ವರದ ಮೇಲೆ ಮಾತ್ರೆ ಕೊಡುತ್ತಾ ಹೋದರೆ ಮೈ ನಡುಗುವ ಚಳಿ, ನೀರಿನಂಶ ಬತ್ತುವುದು, ಬಿಪಿ ಇಳಿಯುವುದು, ಕೊನೆಗೆ ಕಿಡ್ನಿಗೆ ಪೆಟ್ಟು. ಆ ಮೂರು ದಿನದವರನ್ನು ಎತ್ತಿಕೊಂಡು ಬರುವ ಹೊತ್ತಿಗೆ ಆಗಿರುವುದು ಇದೇ.

ಗೆರೆ ಎಲ್ಲಿ? 38 ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಯ ಥರ್ಮಾಮೀಟರಿನ ಲೆಕ್ಕದಲ್ಲಿ 100.4. ಅಷ್ಟು ಮುಟ್ಟಿದರೆ ಎರಡೂ ಮಾತ್ರೆ ನಿಲ್ಲಬೇಕು. ಒಂದು ಸಲ ಜ್ವರ ಬಂದು ಹೋದವರು ಮುಂದಿನ ಸಲ ಅಂಕಿ ಏರುವವರೆಗೂ ಕಾಯಬೇಕಿಲ್ಲ. ಚಳಿ ಹತ್ತಿತು, ಮೈಕೈ ನೋವು ಶುರುವಾಯಿತು ಅನ್ನುವಾಗಲೇ ನಿಲ್ಲಿಸಿ ಫೋನ್ ಮಾಡಬಹುದು. ಜ್ವರ ಪೂರ್ತಿ ಬಿಟ್ಟು 24 ಗಂಟೆ ಕಳೆದ ಮೇಲೆ, ಡಾಕ್ಟರ್ ಹೇಳಿದಂತೆ ಮತ್ತೆ ಶುರು. ಬಹಳ ಸಲ ಅದೇ ಡೋಸ್‌ನಲ್ಲೇ ಶುರು ಮಾಡುತ್ತಾರೆ.

ನಿಲ್ಲಿಸಿದರೆ ಗಡ್ಡೆ ಬರುತ್ತಾ ಎಂದು ಕೇಳಿದ್ದೀರಿ. ಈ ನಿಲ್ಲಿಸುವ ನಿಯಮವನ್ನೇ ಪರೀಕ್ಷಿಸಿ ನೋಡಿದ ಅಧ್ಯಯನ ಒಂದಿದೆ. ಹೆಸರು ಕಾಂಬಿ-ಎಪ್ಲಸ್. ನಿಮ್ಮ ಅಪ್ಪನ ಹಾಗೆ ಆಪರೇಷನ್ ಆದ 552 ಜನ ಅದರಲ್ಲಿದ್ದರು. ಜ್ವರ ಬಂದ ಕೂಡಲೇ ಎರಡನ್ನೂ ನಿಲ್ಲಿಸಿದರು, 24 ಗಂಟೆ ಜ್ವರ ಇಲ್ಲದಿದ್ದರೆ ಮತ್ತೆ ಶುರು ಮಾಡಿದರು. ಜ್ವರ ವಿಪರೀತವಾಗುವುದು, ಅದಕ್ಕಾಗಿ ಆಸ್ಪತ್ರೆ ಸೇರುವುದು, ಚಿಕಿತ್ಸೆಯನ್ನೇ ಬಿಡಬೇಕಾಗಿ ಬರುವುದು, ಈ ಮೂರರಲ್ಲಿ ಯಾವುದಾದರೊಂದು ಆದವರು 100ಕ್ಕೆ 8. ಈ ನಿಯಮ ಇಲ್ಲದ ಹಿಂದಿನ ಅಧ್ಯಯನದಲ್ಲಿ 100ಕ್ಕೆ 20. ಒಂದು ವರ್ಷದ ಹೊತ್ತಿಗೆ 100ರಲ್ಲಿ ಸುಮಾರು 92 ಜನರಿಗೆ ಕಾಯಿಲೆ ಮರಳಿರಲಿಲ್ಲ. ನಡುನಡುವೆ ಎರಡು ಮೂರು ದಿನ ಬಿಟ್ಟವರೂ ಈ ಲೆಕ್ಕದಲ್ಲಿ ಇದ್ದಾರೆ. ನಿಲ್ಲಿಸುವುದೂ ಚಿಕಿತ್ಸೆಯ ಒಂದು ಭಾಗ. ಇದನ್ನು ಅಪ್ಪನಿಗೂ ಹೇಳಿ. ಮಾತ್ರೆ ತಪ್ಪಿತು ಎಂದು ಅವರು ಒಳಗೊಳಗೇ ಕೊರಗುತ್ತಿರಬಹುದು.

ಆದರೆ ಮನೆಯಲ್ಲೇ ಕೂತು, "ಇದು ಮಾತ್ರೆಯ ಜ್ವರ ಬಿಡಿ" ಎಂದು ತೀರ್ಮಾನ ಮಾಡಬೇಡಿ. ಮಳೆಗಾಲದಲ್ಲಿ ನಮ್ಮೂರುಗಳಲ್ಲಿ ಡೆಂಗಿಯೂ ಇರುತ್ತದೆ, ಟೈಫಾಯ್ಡೂ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಲು ಡಾಕ್ಟರ್ ಹೇಳಿದರೆ ಮಾಡಿಸಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ಅದೇ ಫೋನಿನಲ್ಲಿ ಕೇಳಿಕೊಳ್ಳಿ. ನೀರು, ಗಂಜಿ, ಎಳನೀರು, ಮಜ್ಜಿಗೆ, ಏನು ಸೇರುತ್ತದೋ ಅದನ್ನು ಗಂಟೆಗೊಮ್ಮೆ ಕೊಡಿ. ನಿಂತರೆ ತಲೆ ಸುತ್ತುವುದು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು ಅಥವಾ ಮಂಕಾಗುವುದು, ಉಸಿರು ಕಟ್ಟುವುದು, ಜ್ವರ 104 ಮುಟ್ಟುವುದು: ಇದರಲ್ಲಿ ಒಂದು ಕಂಡರೂ ಫೋನಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಕೈಯಲ್ಲಿ ಎರಡೂ ಬಾಟಲಿ ಇರಲಿ. ತುರ್ತು ವಿಭಾಗದಲ್ಲಿರುವವರು ಈ ಮಾತ್ರೆಯ ಹೆಸರನ್ನೇ ಕೇಳಿರದೆ ಇರಬಹುದು. "ಈ ಮಾತ್ರೆಯಿಂದ ಜ್ವರ ಬರುತ್ತೆ, ನಿಲ್ಲಿಸಿದ್ದೀವಿ" ಎಂದು ನೀವೇ ಹೇಳಿ.

ಇನ್ನು ಮಾತ್ರೆ ಮತ್ತೆ ಶುರುವಾದ ಮೇಲಿನ ದಿನಚರಿ. ಡಾಬ್ರಾಫೆನಿಬ್ ಸಾಮಾನ್ಯ ಡೋಸ್ 150 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಅಂದರೆ 75ರ ಕ್ಯಾಪ್ಸೂಲ್ ಎರಡೆರಡು, 12 ಗಂಟೆಯ ಅಂತರದಲ್ಲಿ. ಟ್ರಾಮೆಟಿನಿಬ್ 2 ಮಿ.ಗ್ರಾಂ, ದಿನಕ್ಕೆ ಒಂದೇ. ಎರಡಕ್ಕೂ ಹೊಟ್ಟೆ ಖಾಲಿ ಇರಬೇಕು. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆ ಆದ ಮೇಲೆ. ಎಣ್ಣೆ, ತುಪ್ಪದ ಊಟದ ಜೊತೆ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತಂದದ್ದು ಹೊಟ್ಟೆಯಲ್ಲೇ ವ್ಯರ್ಥವಾಗುತ್ತದೆ.

ನಮ್ಮ ಮನೆಗಳಿಗೆ ಹೊಂದುವುದು ಬೆಳಗ್ಗೆ ಆರು, ಸಂಜೆ ಆರರ ಲೆಕ್ಕ. ಬೆಳಗ್ಗೆ ಎದ್ದು ಬಾಯಿ ತೊಳೆದು, 6ಕ್ಕೆ ಎರಡು ಕ್ಯಾಪ್ಸೂಲ್, ಒಂದು ಟ್ರಾಮೆಟಿನಿಬ್, ಒಂದು ಲೋಟ ನೀರು. ಹಾಲು ಹಾಕಿದ ಕಾಫಿಯೂ 7ರ ಮೇಲೆಯೇ. ಎಷ್ಟೋ ಅಪ್ಪಂದಿರಿಗೆ ಈ ಒಂದು ಗಂಟೆಯೇ ಕಷ್ಟ, ನನಗೆ ಗೊತ್ತು. ಸಂಜೆಯ ಬೋಂಡ, ಮಂಡಕ್ಕಿ ಎಲ್ಲ 4ಕ್ಕೇ ಮುಗಿಯಲಿ. 6ಕ್ಕೆ ಇನ್ನೆರಡು ಕ್ಯಾಪ್ಸೂಲ್. ಊಟ 7ರ ನಂತರ. ಕ್ಯಾಪ್ಸೂಲ್ ಬಿಚ್ಚಿ ಜೇನುತುಪ್ಪಕ್ಕೆ ಕಲಸುವುದು, ಮಾತ್ರೆ ಕುಟ್ಟುವುದು ಬೇಡ. ಇಡಿಯಾಗಿ ನುಂಗಬೇಕು.

ಮರೆತರೆ? ಡಾಬ್ರಾಫೆನಿಬ್ ಆದರೆ ಮುಂದಿನ ಡೋಸ್‌ಗೆ 6 ಗಂಟೆಗಿಂತ ಹೆಚ್ಚು ಉಳಿದಿದ್ದರೆ ಕೊಡಿ, ಇಲ್ಲದಿದ್ದರೆ ಬಿಟ್ಟುಬಿಡಿ. ಟ್ರಾಮೆಟಿನಿಬ್‌ಗೆ ಆ ಲೆಕ್ಕ 12 ಗಂಟೆ. ನುಂಗಿ ವಾಂತಿಯಾದರೂ ಇನ್ನೊಂದು ಕೊಡಬೇಡಿ. ಮುಂದಿನ ಹೊತ್ತಿನದನ್ನು ಮಾತ್ರ ಕೊಡಿ. ಎರಡು ಡೋಸ್ ಯಾವತ್ತೂ ಒಟ್ಟಿಗೆ ಬೇಡ.

ಒಬ್ಬ ಅಜ್ಜಿ ನೆನಪಾಗುತ್ತಾರೆ. ಮಗನ ಔಷಧಿ ಅಷ್ಟು ದುಬಾರಿ ಎಂದು ತಿಳಿದು, ಟ್ರಾಮೆಟಿನಿಬ್ ಮಾತ್ರೆಗಳನ್ನೆಲ್ಲ ಬಾಟಲಿಯಿಂದ ಸುರಿದು, ಸ್ಟೀಲ್ ಡಬ್ಬಿಗೆ ಹಾಕಿ, ದೇವರ ಮನೆಯಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟಿದ್ದರು. ಡಬ್ಬಿ ತಂದು ನನ್ನ ಮುಂದೆ ತೆರೆದರು. ಒಳಗೆ ಗುಲಾಬಿ ಬಣ್ಣದ ಪುಟ್ಟ ದುಂಡು ಮಾತ್ರೆಗಳು, ದೀಪದ ಎಣ್ಣೆಯ ವಾಸನೆ. ಬಾಟಲಿ ಎಲ್ಲಿ ಎಂದರೆ ಎಸೆದಾಗಿತ್ತು. ನನಗೆ ಅವತ್ತು ಮಾತೇ ಹೊರಡಲಿಲ್ಲ. ಈ ಮಾತ್ರೆಗೆ ಬೆಳಕೂ ಆಗದು, ತೇವವೂ ಆಗದು. ಅದು ಬಂದ ಬಾಟಲಿಯಲ್ಲೇ, ಮುಚ್ಚಳ ಬಿಗಿಯಾಗಿ, ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಒಳಗಿರುವ ತೇವ ಹೀರುವ ಪುಟ್ಟ ಉಂಡೆಯನ್ನು ತೆಗೆಯಬಾರದು, ನುಂಗಲೂಬಾರದು. ವಾರದ ಮಾತ್ರೆ ಡಬ್ಬಿಗೂ ಹಾಕಬೇಡಿ. ಫ್ರೀಜರ್ ಅಂತೂ ಬೇಡವೇ ಬೇಡ. ತೆರೆದ ಬಾಟಲಿ 30 ಡಿಗ್ರಿ ಮೀರದ ಜಾಗದಲ್ಲಿ 30 ದಿನ ತಡೆಯುತ್ತದೆ ಎಂದು ಯುರೋಪಿನಲ್ಲಿ ಔಷಧಿಯ ಜೊತೆ ಬರುವ ಮಾಹಿತಿ ಚೀಟಿ ಹೇಳುತ್ತದೆ. ಹಾಗಾಗಿ ಒಂದೆರಡು ಗಂಟೆ ಕರೆಂಟ್ ಹೋದರೆ ಗಾಬರಿ ಬೇಡ, ಫ್ರಿಜ್ ಬಾಗಿಲು ತೆಗೆಯದೆ ಇರಿ. ಆದರೆ ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಮನೆಯೊಳಗೆ 30 ಡಿಗ್ರಿ ಎಲ್ಲಿ ಸಿಗಬೇಕು? ಅಲ್ಲಿಯವರಿಗೆ ಫ್ರಿಜ್ಜೇ ಗತಿ. ಡಾಬ್ರಾಫೆನಿಬ್‌ಗೆ ಫ್ರಿಜ್ ಬೇಕಿಲ್ಲ, ಬಿಸಿಲು ಬೀಳದ ಒಣ ಜಾಗ ಸಾಕು.

ಜ್ವರ ಒಂದೇ ಅಲ್ಲ, ಕಣ್ಣಿಡಬೇಕಾದದ್ದು ಇನ್ನೂ ಇದೆ. ಕಣ್ಣು ಮಂಜಾದರೆ, ಬೆಳಕಿನ ಸುತ್ತ ಬಣ್ಣ ಕಂಡರೆ ಅದೇ ದಿನ ಹೇಳಿ. ಟ್ರಾಮೆಟಿನಿಬ್ ಕಣ್ಣಿನ ಹಿಂಬದಿಯ ಪರದೆಗೆ ತೊಂದರೆ ಮಾಡಬಹುದು. ಹೃದಯ ಪಂಪ್ ಮಾಡುವ ಶಕ್ತಿ ಕುಗ್ಗಬಹುದು. ಅದಕ್ಕೇ ಶುರುವಿಗೆ ಮೊದಲು, ಒಂದು ತಿಂಗಳಿಗೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುತ್ತಾರೆ. ಚೆನ್ನಾಗಿದ್ದಾರಲ್ಲ ಎಂದು ಎಕೋ ತಪ್ಪಿಸಬೇಡಿ. ಶುಗರ್ ಇರುವವರಿಗೆ ಅದು ಏರಬಹುದು. ಮೈಮೇಲೆ ಹೊಸ ಗಂಟು, ಒಣಗದ ಹುಣ್ಣು ಕಂಡರೆ ತೋರಿಸಿ. ಕಪ್ಪು ಮಲ, ನಿಲ್ಲದ ರಕ್ತ, ಕಾಲು ಊತ, ಒಣ ಕೆಮ್ಮು ಇವನ್ನೂ ಹೇಳದೆ ಬಿಡಬೇಡಿ.

ಬೇರೆ ಔಷಧಿಗಳ ವಿಷಯ ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಮುಚ್ಚಿಡುವ ವಿಷಯ. ಕಷಾಯ, ಬೇರಿನ ಪುಡಿ, ನಾಟಿ ಔಷಧಿ, ಏನೇ ಕೊಡುತ್ತಿದ್ದರೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಬೈದರೆ ಬೈಸಿಕೊಳ್ಳಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್ ಇವು ಡಾಬ್ರಾಫೆನಿಬ್‌ನ ಬಲ ಕುಗ್ಗಿಸುತ್ತವೆ. ಕ್ಲಾರಿಥ್ರೋಮೈಸಿನ್, ಕೀಟೊಕೊನಜೋಲ್ ಅದನ್ನು ಮೈಯಲ್ಲಿ ಏರಿಸುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಿಗೆ ಅದರ ಪರೀಕ್ಷೆ ಪದೇ ಪದೇ ಬೇಕಾಗುತ್ತದೆ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಲ್ಲಿ ಯಾರಾದರೂ ಈ ಮಾತ್ರೆಯಲ್ಲಿದ್ದರೆ, ಗರ್ಭನಿರೋಧಕ ಗುಳಿಗೆಯನ್ನು ಮಾತ್ರ ನಂಬಬೇಡಿ. ಡಾಬ್ರಾಫೆನಿಬ್ ಅದರ ಕೆಲಸ ಕೆಡಿಸುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಎರಡೂ ಮಾತ್ರೆ ಅಪಾಯ. ಮನೆಯಲ್ಲಿ ಬಸುರಿ ಇದ್ದರೆ ಮಾತ್ರೆ ಎಣಿಸಿ ಕೊಡುವ ಕೆಲಸ ಬೇರೆಯವರು ಮಾಡಲಿ. ಬೇರೆಯವರೂ ಮಾತ್ರೆಯನ್ನು ಮುಚ್ಚಳಕ್ಕೆ ಸುರಿದು, ಅಲ್ಲಿಂದ ನೇರ ರೋಗಿಯ ಅಂಗೈಗೆ ಹಾಕುವುದು ಒಳ್ಳೆಯದು.

ಮೆಲನೋಮಾಗೆ ಬೇರೆ ಜೋಡಿ ಮಾತ್ರೆಗಳೂ ಇವೆ. ವೆಮುರಾಫೆನಿಬ್ ತಗೊಳ್ಳುವವರಿಗೆ ಬಿಸಿಲೇ ಶತ್ರು. ಎಂಕೊರಾಫೆನಿಬ್‌ಗೆ ಊಟದ ಹೊತ್ತಿನ ನಿಯಮವೇ ಇಲ್ಲ. ಆದ್ದರಿಂದ ಮೇಲೆ ಹೇಳಿದ ಗಂಟೆ ಲೆಕ್ಕ ಈ ಒಂದು ಜೋಡಿಗೆ ಮಾತ್ರ.

ಈಗ ನಿಮ್ಮ ಮನೆಗೇ ಬರೋಣ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಕೊನೆಯ ಡೋಸ್ ಯಾವಾಗ ಕೊಟ್ಟಿರಿ, ಜ್ವರ ಎಷ್ಟಿತ್ತು, ಪ್ಯಾರಸಿಟಮಾಲ್ ಯಾವ ಹೊತ್ತಿಗೆ ಕೊಟ್ಟಿರಿ ಎಂದು ಬರೆಯುತ್ತಾ ಬನ್ನಿ. ಬುಧವಾರ ಬೆಳಗ್ಗೆ 9ಕ್ಕೆ ಜ್ವರ ಬಿಟ್ಟಿತು ಅಂದುಕೊಳ್ಳಿ. ಗುರುವಾರ 9ರವರೆಗೆ ಮತ್ತೆ ಬರದಿದ್ದರೆ ಆ ಹಾಳೆ ಹಿಡಿದುಕೊಂಡು ಡಾಕ್ಟರಿಗೆ ಫೋನ್ ಮಾಡಿ. ಗುರುವಾರ ಸಂಜೆ 6ಕ್ಕೆ ಶುರು ಮಾಡಲಾ, ಶುಕ್ರವಾರ ಬೆಳಗ್ಗೆ ಎರಡನ್ನೂ ಒಟ್ಟಿಗೆ ಕೊಡಲಾ ಎಂದು ಕೇಳಿ. ಅವರು ಹೇಳಿದ ಹೊತ್ತನ್ನು ಅದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಬಿಡಿ.