ಯಾವ ನೇಮಿಚಂದ್ರ, ಯಾವ ಊರಿನ ಎಚ್.?

ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಲೇಖಕರ ಹೆಸರಿನ ಜಾಗಕ್ಕೆ ‘ನೇಮಿಚಂದ್ರ’ ಎಂದು ಹಾಕಿದಿರಿ ಎಂದಿಟ್ಟುಕೊಳ್ಳಿ. ಪುಸ್ತಕಗಳೆಲ್ಲ ಅಲ್ಲಿದ್ದರೆ ಮೂವರು ಒಟ್ಟಿಗೆ ಎದ್ದು ಬರುತ್ತಾರೆ. ಮೊದಲನೆಯವರು 10ನೇ ಶತಮಾನದ ಜೈನ ಮುನಿ. ‘ಗೊಮ್ಮಟಸಾರ’ ಬರೆದವರು, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು. ಎರಡನೆಯವನು ‘ಲೀಲಾವತಿ ಪ್ರಬಂಧ’ದ ಕವಿ. ದೋರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ, ಹೊಯ್ಸಳ ವೀರಬಲ್ಲಾಳ ಆಳುತ್ತಿದ್ದ ಕಾಲದವನು. ಮೂರನೆಯವರು ನಮ್ಮ ಕಾಲದ ಲೇಖಕಿ, ‘ಯಾದ್ ವಶೇಮ್’ ಕಾದಂಬರಿಯವರು. ಮೂವರಿಗೂ ಇನಿಷಿಯಲ್ ಇಲ್ಲ. ಓದುಗರಿಗೆ ಗೊಂದಲವಾಗುವುದಿಲ್ಲ, ಸರಿ. ಆದರೆ ಕಂಪ್ಯೂಟರಿಗೆ ಸಾವಿರ ವರ್ಷದ ಅಂತರ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಾಲ್ಕು ಅಕ್ಷರ ಮಾತ್ರ.

ಕ್ಯಾಟಲಾಗ್ ಮಾಡುವವರಿಗೆ ಹೆಸರಿನ ವಿಷಯದಲ್ಲಿ ಎರಡು ಕೆಲಸ. ಒಂದೇ ಹೆಸರಿನ ಹಲವರನ್ನು ಬೇರೆ ಮಾಡಬೇಕು. ಹಲವು ಹೆಸರಿನ ಒಬ್ಬರನ್ನು ಒಂದೇ ಕಡೆ ತರಬೇಕು. ಕುವೆಂಪು, ಕೆ.ವಿ. ಪುಟ್ಟಪ್ಪ ಇಬ್ಬರಲ್ಲ. ಆದರೆ ಪಾಟೀಲ ಪುಟ್ಟಪ್ಪ ಬೇರೆಯವರೇ. ಇದನ್ನೆಲ್ಲ ಬರೆದಿಟ್ಟುಕೊಳ್ಳುವ ಪಟ್ಟಿಗೆ ಗ್ರಂಥಾಲಯದವರು ಅಥಾರಿಟಿ ಫೈಲ್ ಎನ್ನುತ್ತಾರೆ. ಓದುಗರ ಕಣ್ಣಿಗೆ ಬೀಳದ ಕೆಲಸ ಇದು. ಬೇಸರದ ಕೆಲಸವೂ ಹೌದು. ಅದಿಲ್ಲದಿದ್ದರೆ ಒಬ್ಬರ ಪುಸ್ತಕ ಇನ್ನೊಬ್ಬರ ಖಾತೆಗೆ ಹೋಗಿ ಕೂರುತ್ತದೆ.

ಕನ್ನಡಕ್ಕೆ ಈ ತೊಂದರೆ ಹೊಸದಲ್ಲ, ಪರಿಹಾರವೂ ಹೊಸದಲ್ಲ. ವಚನಕಾರರ ಹೆಸರುಗಳನ್ನೇ ನೋಡಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಲಕ್ಕಮ್ಮ. ಚೌಡಯ್ಯ, ಮಾಚಯ್ಯ ಎಂಬ ಹೆಸರಿನವರು ಆ ಕಾಲದಲ್ಲಿ ಎಷ್ಟು ಜನ ಇದ್ದರೋ! ಕಸುಬು ಮುಂದೆ ಸೇರಿದ ಕೂಡಲೇ ಯಾರೆಂದು ಗೊತ್ತಾಗುತ್ತದೆ. ಅದರ ಮೇಲೆ ಅಂಕಿತ ಬೇರೆ. ಅಕ್ಕ ಮಹಾದೇವಿಯ ವಚನವನ್ನೂ ಮೋಳಿಗೆ ಮಹಾದೇವಿಯ ವಚನವನ್ನೂ ಬೇರೆ ಮಾಡಲು ಕೊನೆಯ ಸಾಲು ನೋಡಿದರೆ ಸಾಕು. ಇಷ್ಟಿದ್ದೂ ಜಗಳ ಉಳಿದಿದೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂದು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ.

ನಾಗವರ್ಮನ ಕಥೆ ಇದಕ್ಕಿಂತ ತೊಡಕು. ‘ಛಂದೋಂಬುಧಿ’, ‘ಕರ್ಣಾಟಕ ಕಾದಂಬರಿ’, ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ ಎಲ್ಲದರ ಮೇಲೂ ಇರುವುದು ನಾಗವರ್ಮ ಎಂಬ ಹೆಸರೇ. 19ನೇ ಶತಮಾನದಲ್ಲಿ ಇವು ಅಚ್ಚಾಗತೊಡಗಿದಾಗ ಒಬ್ಬನೇ ನಾಗವರ್ಮ ಎಂದು ನಂಬಿದವರಿದ್ದರು. ಆಮೇಲೆ ಇಬ್ಬರಾದರು. ಮೊದಲನೆಯವನಿಗೆ ಛಂದಸ್ಸು ಮತ್ತು ಕಾದಂಬರಿ, ಎರಡನೆಯವನಿಗೆ ಅಲಂಕಾರ ಮತ್ತು ವ್ಯಾಕರಣ. ಛಂದಸ್ಸಿನವನೇ ಬೇರೆ, ಕಾದಂಬರಿಯವನೇ ಬೇರೆ ಎಂದವರೂ ಇದ್ದಾರೆ. ರಾಜರಿಗೆ ಈ ಪಾಡಿಲ್ಲ. ಇಮ್ಮಡಿ ಬಲ್ಲಾಳ, ಮುಮ್ಮಡಿ ಬಲ್ಲಾಳ ಎಂದು ಸಂಖ್ಯೆ ಸಿಕ್ಕಿಬಿಡುತ್ತದೆ. ಕವಿಗಳು ಸಂಖ್ಯೆಗಾಗಿ ನೂರಾರು ವರ್ಷ ಕಾಯಬೇಕಾಯಿತು.

ಕವಿಗಳ ಕಾಲ, ಊರು, ಗುರು, ಆಶ್ರಯದಾತ ಎಲ್ಲವನ್ನೂ ಕಲೆಹಾಕಿ ಗಂಟು ಬಿಡಿಸಲು ಕೂತ ದೊಡ್ಡ ಪುಸ್ತಕ ‘ಕರ್ಣಾಟಕ ಕವಿಚರಿತೆ’. 1907, 1919, 1929ರಲ್ಲಿ ಮೂರು ಸಂಪುಟ ಬಂದವು. ಬರೆದವರು ಆರ್. ನರಸಿಂಹಾಚಾರ್. ಶ್ರವಣಬೆಳಗೊಳದ ಶಾಸನ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದವರೂ ಇವರೇ. ಒಂದೇ ಹೆಸರಿನ ಮುನಿಗಳು ಗುರುಪರಂಪರೆಗಳಲ್ಲಿ ಮತ್ತೆ ಮತ್ತೆ ಬರುವ ಆ ಕಲ್ಲುಗಳ ಮೇಲೆ ಕೆಲಸ ಮಾಡಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರಲೇಬೇಕು. ತಮಾಷೆ ಏನೆಂದರೆ ಕವಿಚರಿತೆಯ ಮೊದಲ ಸಂಪುಟಕ್ಕೆ ಅವರ ಜೊತೆಗಾರರಾಗಿದ್ದವರು ಎಸ್.ಜಿ. ನರಸಿಂಹಾಚಾರ್. ಹೆಸರುಗಳ ಗೊಂದಲ ಬಿಡಿಸುವ ಪುಸ್ತಕಕ್ಕೇ ಇಬ್ಬರು ನರಸಿಂಹಾಚಾರ್! ಮುಂದೆ ಡಿ.ಎಲ್. ನರಸಿಂಹಾಚಾರ್ ಬಂದರು, ಪು.ತಿ. ನರಸಿಂಹಾಚಾರ್ ಬಂದರು. ಕಪಾಟಿನಲ್ಲಿ ನಾಲ್ವರಾದರು.

ಇಲ್ಲಿ ಓದುಗರೇ ಒಂದು ದಾರಿ ಕಂಡುಕೊಂಡರು. ಡಿ.ಎಲ್.ಎನ್., ಪು.ತಿ.ನ. ಎಂದು ಕರೆದರು. ಇಬ್ಬರು ಶ್ರೀಕಂಠಯ್ಯರು ಬಿ.ಎಂ.ಶ್ರೀ, ತೀ.ನಂ.ಶ್ರೀ ಆದರು. ಇಬ್ಬರು ಸೀತಾರಾಮಯ್ಯರು ವಿ.ಸೀ., ಎಂ.ವಿ.ಸೀ. ಆದರು. ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ಹೆಸರಿಡುವ ಕಲೆ ಬೇರೆ ಭಾಷೆಗಳಲ್ಲಿ ಇದೆಯೋ ಇಲ್ಲವೋ, ನನಗಂತೂ ಇದು ಕನ್ನಡದ ಜಾಣತನ ಅನ್ನಿಸುತ್ತದೆ. ಆದರೆ ಗ್ರಂಥಾಲಯದ ಕ್ಯಾಟಲಾಗ್ ಕಾರ್ಡಿಗೆ ಬರುವಾಗ ಇವರೆಲ್ಲ ಮತ್ತೆ ‘ಶ್ರೀಕಂಠಯ್ಯ, ಬಿ.ಎಂ.’ ಮತ್ತು ‘ಶ್ರೀಕಂಠಯ್ಯ, ಟಿ.ಎನ್.’ ಆಗಿಬಿಡುತ್ತಾರೆ. ಓದುಗರು ಹುಡುಕುವುದು ಒಂದು, ಕಾರ್ಡಿನಲ್ಲಿ ಇರುವುದು ಇನ್ನೊಂದು.

ಹೀಗೇಕಾಯಿತು ಎಂದು ತಿಳಿಯಲು ಲಂಡನ್ನಿಗೆ ಹೋಗಬೇಕು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಆಂಟೋನಿಯೋ ಪಾನಿಜ್ಜಿ ನೇತೃತ್ವದಲ್ಲಿ ಮಾಡಿದ ಕ್ಯಾಟಲಾಗಿನ 91 ನಿಯಮಗಳು 1841ರಲ್ಲಿ ಅಚ್ಚಾದವು. 1876ರಲ್ಲಿ ಅಮೆರಿಕದ ಚಾರ್ಲ್ಸ್ ಕಟರ್ ತನ್ನ ನಿಯಮಗಳನ್ನು ಹೊರತಂದ. ಲೇಖಕನ ಹೆಸರು ಗೊತ್ತಿರುವ ಓದುಗನಿಗೆ ಪುಸ್ತಕ ಸಿಗಬೇಕು, ಆ ಲೇಖಕನದು ಗ್ರಂಥಾಲಯದಲ್ಲಿ ಏನೇನಿದೆ ಎಂದು ಒಂದೇ ಕಡೆ ಕಾಣಬೇಕು ಎಂಬುದು ಅವನ ಗುರಿ. ಒಳ್ಳೆಯ ಗುರಿ. ಆದರೆ ನಿಯಮಗಳು ಹುಟ್ಟಿದ್ದು ಮನೆತನದ ಹೆಸರು ಇರುವ ಜನರ ನಡುವೆ. ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಇಬ್ಬರು ಒಂದೇ ಥರ ಕಂಡರೆ ಹುಟ್ಟಿದ ವರ್ಷ. 1901ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಅಚ್ಚಾದ ಕಾರ್ಡುಗಳನ್ನು ಬೇರೆ ಗ್ರಂಥಾಲಯಗಳಿಗೂ ಮಾರತೊಡಗಿತು. ಅಲ್ಲಿ ಬರೆದ ಹೆಸರೇ ಎಲ್ಲ ಕಡೆಯ ಹೆಸರಾಯಿತು.

ನಮ್ಮಲ್ಲಿ ಈ ನಿಯಮಗಳನ್ನು ಪ್ರಶ್ನಿಸಿದ ದೊಡ್ಡ ವ್ಯಕ್ತಿ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್. ಅವರ ಹೆಸರೇ ಒಂದು ಉದಾಹರಣೆ. ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ಸ್ವಂತ ಹೆಸರು. ಮನೆತನದ ಹೆಸರು ಎಲ್ಲೂ ಇಲ್ಲ. 1934ರ ತಮ್ಮ ಕ್ಯಾಟಲಾಗ್ ಸಂಹಿತೆಯಲ್ಲಿ ಅವರು ಸ್ವಂತ ಹೆಸರನ್ನು ಮುಂದಿಟ್ಟು, ಉಳಿದದ್ದನ್ನು ಬಿಡಿಸಿ ಆವರಣದಲ್ಲಿ ಬರೆದು, ಹುಟ್ಟಿದ ವರ್ಷ ಸೇರಿಸುವ ಪದ್ಧತಿ ತಂದರು. 1961ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆ ಕೂಡ ಲೇಖಕರ ದೇಶದ ರೂಢಿಯಂತೆ ಹೆಸರು ಬರೆಯಬೇಕೆಂದು ಒಪ್ಪಿತು. ಕಾಗದದ ಮೇಲೆ ಸಮಸ್ಯೆ ಅಲ್ಲಿಗೆ ಮುಗಿದಂತೆ.

ಆದರೆ ರೂಢಿ ಯಾವುದು? ಹಾಸನದವರ ಹೆಸರುಗಳಿಗೆ ಬನ್ನಿ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ‘ಎಚ್’ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, ‘ಡಿ’ ಅವರ ತಂದೆ ದೊಡ್ಡೇಗೌಡರು. ಮಕ್ಕಳು ಎಚ್.ಡಿ. ರೇವಣ್ಣ, ಎಚ್.ಡಿ. ಕುಮಾರಸ್ವಾಮಿ. ಇಲ್ಲಿ ‘ಡಿ’ ಅಂದರೆ ದೇವೇಗೌಡ. ಅಕ್ಷರ ಅದೇ, ಒಳಗಿನ ಮನುಷ್ಯ ಬೇರೆ. ಮನೆಯವರಿಗೆ, ಊರವರಿಗೆ ಇದು ಬಾಯಿಪಾಠ. ಎಲ್ಲೋ ದೂರದಲ್ಲಿ ಕೂತು ಕಾರ್ಡು ಬರೆಯುವವರಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಮಂಜುನಾಥನನ್ನು ಇನ್ನೊಬ್ಬ ಮಂಜುನಾಥನಿಂದ ಬೇರೆ ಮಾಡುವುದು ಊರು ಮತ್ತು ತಂದೆಯ ಹೆಸರು. ಅವೆರಡನ್ನೇ ನಾವು ಒಂದೊಂದು ಅಕ್ಷರಕ್ಕೆ ಇಳಿಸಿ, ಅದೂ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಮುಚ್ಚಿಟ್ಟುಬಿಟ್ಟಿದ್ದೇವೆ. ನನ್ನ ಪ್ರಕಾರ ಕನ್ನಡ ಕ್ಯಾಟಲಾಗಿನ ಅರ್ಧ ತಲೆನೋವು ಇಲ್ಲಿಂದಲೇ ಶುರು. ಸಾಲದ್ದಕ್ಕೆ ಒಬ್ಬರು ‘ಎಚ್.’ ಬರೆದರೆ ಇನ್ನೊಬ್ಬರು ‘ಹೆಚ್.’ ಬರೆಯುತ್ತಾರೆ. ಅಕಾರಾದಿಯಲ್ಲಿ ಇವೆರಡಕ್ಕೂ ಎಷ್ಟು ದೂರ!

ಇನಿಷಿಯಲ್ ಬಿಡಿಸಿದರೂ ಸ್ವಲ್ಪ ಎಚ್ಚರ ಬೇಕು. ಕುವೆಂಪು ಅವರ ‘ಕು’ ಕುಪ್ಪಳಿ. ಹುಟ್ಟಿದ್ದು ಮಾತ್ರ ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅ.ನ.ಕೃ. ಅವರ ‘ಅ’ ಹಾಸನ ಜಿಲ್ಲೆಯ ಅರಕಲಗೂಡು, ಹುಟ್ಟಿದ್ದು ಕೋಲಾರದಲ್ಲಿ. ಇನಿಷಿಯಲ್ಲಿನ ಊರು ಮನೆತನದ ಊರೇ ಹೊರತು ಜನ್ಮಸ್ಥಳ ಆಗಲೇಬೇಕೆಂದಿಲ್ಲ. ಗೊರೂರರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ರಾಮಸ್ವಾಮಿ ಅಯ್ಯಂಗಾರ್ ಎಂದು ಹುಡುಕುವವರು ಯಾರು? ಊರೇ ಲೇಖಕರ ಹೆಸರಾಗಿದೆ.

ಇದೇ ಹಾಸನದಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬರೆದ ರಾಜಾರಾವ್ ಅವರನ್ನು ಕೆಲವು ಇಂಗ್ಲಿಷ್ ಕ್ಯಾಟಲಾಗುಗಳು ‘ರಾವ್, ರಾಜಾ’ ಮಾಡಿವೆ. ರಾವ್ ಎಂಬುದನ್ನು ಮನೆತನದ ಹೆಸರೆಂದುಕೊಂಡರೆ ಕರ್ನಾಟಕದಲ್ಲಿ ಎಷ್ಟು ಸಾವಿರ ಜನ ಒಂದೇ ಮನೆಯವರಾಗಬೇಕು! 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕ್ ಕೂಡ ಹೊರಗೆ ‘ಮುಷ್ತಾಕ್, ಬಾನು’. ನಮಗೆ ಅವರು ಬಾನು ಅಷ್ಟೇ.

ಕನ್ನಡ ಪುಸ್ತಕಗಳು ಅಮೆರಿಕಕ್ಕೆ ರಾಶಿ ರಾಶಿ ಹೋಗತೊಡಗಿದ್ದು 1962ರಿಂದ. ಪಿ.ಎಲ್. 480 ಎಂಬ ಗೋಧಿ ಒಪ್ಪಂದ ಹಳಬರಿಗೆ ನೆನಪಿರುತ್ತದೆ. ಗೋಧಿಗೆ ಕೊಟ್ಟ ರೂಪಾಯಿಯಲ್ಲೇ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಂಡಿತು. ಹೆಸರುಗಳನ್ನು ಕನ್ನಡದಲ್ಲಿ ಅಚ್ಚಾದಂತೆಯೇ ರೋಮನ್ ಲಿಪಿಗೆ ಇಳಿಸುವುದು ಅವರ ನಿಯಮ. ಹಾಗಾಗಿ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ಇನಿಷಿಯಲ್ ಅಲ್ಲಿ ಎಸ್, ಎಲ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಾಗಿ ಉಳಿಯಲಿಲ್ಲ. ಕನ್ನಡದ ‘ಎಸ್’ ಮತ್ತು ‘ಎಲ್’ ಎಂಬ ಉಚ್ಚಾರವನ್ನೇ ರೋಮನ್ನಿನಲ್ಲಿ ಬಿಡಿಸಿ ಬರೆದರು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಅಕ್ಷರ ವಾಪಸ್ ಹೋಗುವಾಗ ವೇಷ ಬದಲಿಸಿತು. ಇಂಗ್ಲಿಷಿಗೆ ಅನುವಾದವಾದ ಪುಸ್ತಕದ ಮೇಲೆ ಹೆಸರು ಮತ್ತೆ ಬೇರೆ ಥರ. ಎರಡನ್ನೂ ಜೋಡಿಸುವ ಒಂದು ಸಾಲು ಅಥಾರಿಟಿ ಫೈಲಿನಲ್ಲಿ ಇಲ್ಲದಿದ್ದರೆ ಭೈರಪ್ಪನವರೇ ಇಬ್ಬರಾಗುತ್ತಾರೆ. ಇನ್ನು ಹುಟ್ಟಿದ ವರ್ಷ ನೋಡೋಣ ಅಂದರೆ ಅವರದು ಕೆಲವು ಕಡೆ 1931, ಕೆಲವು ಕಡೆ 1934. ನಮ್ಮ ಹಳ್ಳಿಗಳ ಹಿರಿಯರಲ್ಲಿ ಇದೇನೂ ಅಪರೂಪವಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ, ಅಲ್ವಾ?

ವರ್ಷವೂ ಗೊತ್ತಿಲ್ಲ, ಪೂರ್ತಿ ಹೆಸರೂ ಗೊತ್ತಿಲ್ಲ ಎಂದಾಗ ಏನು ಮಾಡುತ್ತಿದ್ದರು? 1978ರ ಆಂಗ್ಲೋ ಅಮೆರಿಕನ್ ನಿಯಮಗಳು ಒಂದು ಸುಲಭ ದಾರಿ ಬಿಟ್ಟಿದ್ದವು. ಅಂಥವರನ್ನೆಲ್ಲ ಒಂದೇ ತಲೆಬರಹದ ಕೆಳಗೆ ಹಾಕುವುದು. ಅಂದರೆ ಯಾರೆಂದು ಗೊತ್ತಾಗದ ಕುಮಾರರೆಲ್ಲ ಒಬ್ಬನೇ ಕುಮಾರ. ಕಾರ್ಡಿನ ಕಾಲಕ್ಕೆ ಅದು ನಡೆಯಿತು. ಕಂಪ್ಯೂಟರಿಗೆ ಅದು ವಿಷ. ಒಂದು ಸಲ ಕೂಡಿಸಿದ್ದನ್ನು ಬಿಡಿಸಲು ಪ್ರತಿ ಪುಸ್ತಕವನ್ನೂ ಮತ್ತೆ ಕೈಗೆತ್ತಿಕೊಳ್ಳಬೇಕು. 2010ರಲ್ಲಿ ಬಂದ ಹೊಸ ನಿಯಮಾವಳಿಯ ಕಾಲದಲ್ಲಿ ಆ ರೂಢಿಯನ್ನು ಕೈಬಿಡುತ್ತಾ ಬಂದರು. ವರ್ಷ ಸಿಗದಿದ್ದರೆ ಹೆಸರಿನ ಜೊತೆ ಕಸುಬು ಬರೆಯಬಹುದು ಎಂದರು. ಕವಿ, ವೈದ್ಯ, ಎಂಜಿನಿಯರ್ ಹೀಗೆ. ಅಂಬಿಗರ ಚೌಡಯ್ಯನ ದಾರಿಗೇ ಬಂದರು ನೋಡಿ.

ಇದರ ಜೊತೆಗೇ ನಂಬರುಗಳ ಕಾಲ. ಹಲವು ದೇಶಗಳ ಗ್ರಂಥಾಲಯಗಳ ಹೆಸರು ಪಟ್ಟಿಗಳನ್ನು ಒಟ್ಟು ಸೇರಿಸಿದ ವಯಾಫ್ ಬಂತು. ಒಬ್ಬೊಬ್ಬರನ್ನೂ ಒಂದೊಂದು ಸಂಖ್ಯೆಯಿಂದ ಗುರುತಿಸುವ ಐಎಸ್‌ಎನ್‌ಐ, ಆರ್ಕಿಡ್, ವಿಕಿಡೇಟಾ ಮೂರೂ 2012ರಲ್ಲಿ ಬಂದವು. ಮೊದಲ ಎರಡರಲ್ಲಿ ಒಬ್ಬರಿಗೆ 16 ಅಂಕಿಯ ಒಂದು ಸಂಖ್ಯೆ. ಆರ್ಕಿಡ್ ಅನ್ನು ಸಂಶೋಧಕರು ತಾವೇ ಮಾಡಿಕೊಳ್ಳಬಹುದು, ದುಡ್ಡಿಲ್ಲ. ಹಾಸನ, ಚಿಕ್ಕಮಗಳೂರಿನ ಕಾಲೇಜು ಅಧ್ಯಾಪಕರಿಗೆ ಇದು ನಿಜಕ್ಕೂ ಉಪಯೋಗ. ಆದರೆ ಮೂಡಿಗೆರೆಯಲ್ಲಿ ಸ್ವಂತ ದುಡ್ಡಿನಲ್ಲಿ ಕವನ ಸಂಕಲನ ಅಚ್ಚು ಹಾಕಿಸಿದ ಮೇಷ್ಟ್ರಿಗೆ ಆ ಸಂಖ್ಯೆ ಕೊಡುವವರು ಯಾರು?

ಸಂಖ್ಯೆ ಇದ್ದರೂ ಕನ್ನಡದಲ್ಲಿ ಹುಡುಕುವಾಗ ಬೇರೆ ಕಾಟ ಇದೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಎಲ್ಲೋ, ಒತ್ತಕ್ಷರ ಎಲ್ಲೋ ಹೋಗಿರುತ್ತದೆ. ರಾಮ್‌ಕುಮಾರ್ ಎಂಬ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಅದನ್ನು ಬಿಟ್ಟು ಟೈಪ್ ಮಾಡಿದರೆ ಬೇರೆ ಹೆಸರು. ಚುಕ್ಕಿ ಇಟ್ಟ ‘ಎಸ್.ಎಲ್.’ ಬೇರೆ, ಚುಕ್ಕಿ ಇಲ್ಲದ ‘ಎಸ್ ಎಲ್’ ಬೇರೆ. ಸುಮ್ನೆ ಒಂದು ಖಾಲಿ ಜಾಗ ಜಾಸ್ತಿಯಾದರೂ ಕೆಲವು ತಂತ್ರಾಂಶಗಳು ಹೊಸ ಲೇಖಕರನ್ನೇ ಹುಟ್ಟಿಸುತ್ತವೆ.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಜಿಲ್ಲೆಗೊಂದು ಕೇಂದ್ರ ಗ್ರಂಥಾಲಯ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು, ಈಗ ಅವು ಅರಿವು ಕೇಂದ್ರಗಳು. ದೊಡ್ಡ ಲೇಖಕರ ಹೆಸರನ್ನು ವಾಷಿಂಗ್ಟನ್ನಿನವರೋ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದವರೋ ಸರಿ ಮಾಡಿಕೊಳ್ಳುತ್ತಾರೆ. ಊರಿನ ಲೇಖಕರನ್ನು ಊರಿನವರೇ ಗುರುತಿಸಬೇಕು. ಕೋಹಾದಂಥ ಉಚಿತ ತಂತ್ರಾಂಶದಲ್ಲಿ ಅಥಾರಿಟಿ ಫೈಲಿಗೆ ಜಾಗ ಇದ್ದೇ ಇದೆ. ಬೇಕಾಗಿರುವ ಮಾಹಿತಿಯೂ ಕಡಿಮೆಯೇ. ಇನಿಷಿಯಲ್ ಬಿಡಿಸಿದ ಪೂರ್ತಿ ಹೆಸರು, ಹುಟ್ಟಿದ ವರ್ಷ, ತಾಲ್ಲೂಕು, ಕಸುಬು, ಕಾವ್ಯನಾಮ ಇದ್ದರೆ ಅದು. ಬಿಡುಗಡೆಯಾದ ಮೇಲೆ ಲೇಖಕರು ತಾವೇ ಎರಡು ಪ್ರತಿ ಹಿಡಿದುಕೊಂಡು ಗ್ರಂಥಾಲಯಕ್ಕೆ ಬರುತ್ತಾರೆ. ರಿಜಿಸ್ಟರಿನಲ್ಲಿ ನಂಬರ್ ಹಾಕುವಾಗ ಮೇಜಿನ ಆಚೆ ನಿಂತಿರುವ ಅವರನ್ನೇ ‘ಸಾರ್, ಈ ಎಚ್. ಅಂದರೆ ಯಾವ ಊರು?’ ಎಂದು ಕೇಳಬಹುದು. ಪ್ರಕಾಶಕರೂ ಪುಸ್ತಕದ ಒಳಪುಟದಲ್ಲಿ ಬೆಲೆ, ಪುಟ, ಕಾಗದದ ಅಳತೆಯ ಜೊತೆಗೆ ಈ ಒಂದು ಸಾಲು ಹಾಕಿದರೆ ಕಳೆದುಕೊಳ್ಳುವುದೇನಿಲ್ಲ. ಕಾಗದದ ತೂಕ ಎಷ್ಟು ಜಿಎಸ್‌ಎಂ ಎಂದು ಬರೆಯುವವರಿಗೆ ಲೇಖಕರ ಊರು ಬರೆಯಲು ಜಾಗ ಸಿಗದೇ?