ಚಾರ್ಜ್: ನ್ಯಾಯಾಲಯದಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು

ವಕೀಲರ ಕಚೇರಿಗೆ ಬರುವ ಕಕ್ಷಿದಾರರ ಬಾಯಲ್ಲಿ ಓಡಾಡುವ ಇಂಗ್ಲಿಷ್ ಪದಗಳಲ್ಲಿ ‘ಚಾರ್ಜ್’ ಎಂಬುದು ಹುಟ್ಟಿಸುವಷ್ಟು ಗೊಂದಲವನ್ನು ಬೇರೆ ಯಾವುದೂ ಹುಟ್ಟಿಸುವುದಿಲ್ಲ. ವರ್ಗಾವಣೆಯಾದ ಅಧಿಕಾರಿ ಚಾರ್ಜ್ ಒಪ್ಪಿಸಿ ಹೋಗುತ್ತಾರೆ, ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಬ್ಯಾಂಕು ಜಮೀನಿನ ಮೇಲೆ ಚಾರ್ಜ್ ಮಾಡಿಸಿಕೊಳ್ಳುತ್ತದೆ. ಮೊದಲನೆಯದು ಕಚೇರಿಯ ಪ್ರಭಾರದ ಮಾತು, ಅದರಲ್ಲಿ ತೊಡಕಿಲ್ಲ. ಉಳಿದೆರಡರಲ್ಲಿ ಅರ್ಥ ತಪ್ಪಿದರೆ ಮಾನಕ್ಕೋ ಆಸ್ತಿಗೋ ಧಕ್ಕೆ ಬರುತ್ತದೆ.

ಚಾರ್ಜ್‌ಶೀಟ್ ಸಲ್ಲಿಕೆಯಾಯಿತೆಂಬ ಸುದ್ದಿ ಬಂದೊಡನೆ ಅಪರಾಧ ಸಾಬೀತಾಯಿತೆಂದು ಊರು ತೀರ್ಮಾನಿಸಿಬಿಡುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ತನಿಖೆ ಮುಗಿಸಿದ ಪೊಲೀಸ್ ಅಧಿಕಾರಿಯ ವರದಿ ಮಾತ್ರ. 1973ರ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಮು ಅದನ್ನು ವರದಿ ಎಂದೇ ಕರೆದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮೂ ಹಾಗೆಯೇ ಕರೆಯುತ್ತದೆ. ನಿಜವಾದ ಚಾರ್ಜ್, ಅಂದರೆ ದೋಷಾರೋಪ, ಹೊರಡುವುದು ನ್ಯಾಯಾಧೀಶರಿಂದ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಕೃತ್ಯವೆಸಗಿದ್ದೀರಿ ಎಂದು ಅದನ್ನು ಬರೆದು, ಆರೋಪಿಗೆ ಓದಿ ವಿವರಿಸಿ, ತಪ್ಪೊಪ್ಪಿಕೊಳ್ಳುತ್ತೀರೋ ವಿಚಾರಣೆ ಬಯಸುತ್ತೀರೋ ಎಂದು ಕೇಳಲಾಗುತ್ತದೆ. ಆಗಲೂ ಏನೂ ಸಾಬೀತಾಗಿರುವುದಿಲ್ಲ.

ದೋಷಾರೋಪ ಹೊರಿಸಲು ಸಾಕಷ್ಟು ಆಧಾರವಿಲ್ಲವೆಂದು ಕಂಡುಬಂದರೆ ನ್ಯಾಯಾಲಯ ಆರೋಪಿಯನ್ನು ‘ಡಿಸ್ಚಾರ್ಜ್’ ಮಾಡುತ್ತದೆ. ಇದನ್ನೂ ಖುಲಾಸೆ ಎಂದೇ ಬರೆಯುವ ರೂಢಿ ಸರಿಯಲ್ಲ. ವಿಚಾರಣೆ ಮುಗಿದು ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ, ಡಿಸ್ಚಾರ್ಜ್ ಆದವರಿಗೆ ಆ ರಕ್ಷಣೆ ಇಲ್ಲ. ಮುಂದೆ ಹೊಸ ಸಾಕ್ಷ್ಯ ದೊರೆತರೆ ಪ್ರಕರಣ ಮತ್ತೆ ಏಳಬಹುದು. ಆದ್ದರಿಂದ ಆದೇಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಆಸ್ತಿಯ ಮೇಲಿನ ಚಾರ್ಜ್ ಸಂಪೂರ್ಣ ಬೇರೆಯೇ ಸಂಗತಿ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 100ನೇ ಕಲಮಿನಂತೆ, ಒಬ್ಬರ ಸ್ಥಿರಾಸ್ತಿ ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿ ನಿಂತು, ಆ ವ್ಯವಹಾರ ಅಡಮಾನದ ಮಟ್ಟಕ್ಕೆ ಹೋಗದಿದ್ದರೆ ಅದು ಚಾರ್ಜ್. ಅಡಮಾನದಲ್ಲಿ ಆಸ್ತಿಯ ಹಿತಾಸಕ್ತಿಯೇ ಸಾಲ ಕೊಟ್ಟವನಿಗೆ ವರ್ಗವಾಗುತ್ತದೆ; ಇಲ್ಲಿ ಹಾಗಾಗುವುದಿಲ್ಲ, ಆಸ್ತಿಯಿಂದ ಹಣ ವಸೂಲು ಮಾಡಿಕೊಳ್ಳುವ ಹಕ್ಕಷ್ಟೇ ಹುಟ್ಟುತ್ತದೆ.

ಇದರಲ್ಲಿ ಜನರಿಗೆ ಬಹಳ ಉಪಯುಕ್ತವಾದ, ಆದರೆ ಅಷ್ಟಾಗಿ ಗೊತ್ತಿರದ ಭಾಗವೊಂದಿದೆ. ಕ್ರಯಪತ್ರ ನೋಂದಣಿಯಾಗಿ, ಬೆಲೆಯಲ್ಲಿ ಮೂರು ಲಕ್ಷ ರೂಪಾಯಿ ಬಾಕಿ ಉಳಿದು, ಕೊಂಡವನು ಇಂದು ನಾಳೆ ಎನ್ನುತ್ತಿದ್ದಾನೆ ಎನ್ನೋಣ. ಬೇರೆ ಕರಾರು ಇಲ್ಲದಿದ್ದರೆ, ಅದೇ ಅಧಿನಿಯಮದ 55ನೇ ಕಲಮಿನ ಪ್ರಕಾರ ಆ ಬಾಕಿಗಾಗಿ ಮಾರಿದ ಜಮೀನಿನ ಮೇಲೆ ಮಾರಾಟಗಾರನಿಗೆ ಚಾರ್ಜ್ ತಾನಾಗಿಯೇ ಇರುತ್ತದೆ. ಆದರೆ ಬಾಕಿಯ ಸುಳಿವೇ ಇಲ್ಲದೆ ಬೆಲೆ ತೆತ್ತು ಆ ಜಮೀನನ್ನು ಮುಂದೆ ಕೊಂಡವನ ಮೇಲೆ ಅದನ್ನು ಸಾಧಿಸಲಾಗದು. ಹಣ ಕೈಸೇರುವ ಮೊದಲೇ ‘ಪೂರ್ತಿ ಹಣ ಮುಟ್ಟಿರುತ್ತದೆ’ ಎಂಬ ಒಕ್ಕಣೆಗೆ ಸಹಿ ಹಾಕುವವರು ತಮ್ಮ ಈ ಹಕ್ಕನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಬಾಕಿಯಿದ್ದರೆ ಎಷ್ಟು, ಯಾವ ದಿನದೊಳಗೆ ಎಂಬುದನ್ನು ಕ್ರಯಪತ್ರದಲ್ಲಿಯೇ ಬರೆಸಬೇಕು.

ಸಹಕಾರ ಸಂಘದ ಅಥವಾ ಬ್ಯಾಂಕಿನ ಬೆಳೆ ಸಾಲಕ್ಕಾಗಿ ಪಹಣಿಯ ಋಣಗಳ ಕಾಲಮಿನಲ್ಲಿ ನಮೂದಾಗುವ, ಉತ್ತರ ಕರ್ನಾಟಕದಲ್ಲಿ ‘ಬೋಜಾ’ ಎನ್ನುವ ದಾಖಲೆಯೂ ಈ ಜಾತಿಯದೇ. ಸಾಲ ತೀರಿಸಿ ರಸೀದಿ ಪಡೆದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಸಾಲ ಕೊಟ್ಟ ಸಂಸ್ಥೆಯಿಂದ ಬೇಬಾಕಿ ಪತ್ರ ಪಡೆದು, ಕಂದಾಯ ದಾಖಲೆಯಲ್ಲಿ ಬೋಜಾ ಕಡಿಮೆಯಾಗುವವರೆಗೂ ಬೆನ್ನುಹತ್ತಿ, ಹೊಸ ಪಹಣಿಯನ್ನು ತೆಗೆಸಿ ಆ ಕಾಲಮನ್ನು ಕಣ್ಣಾರೆ ನೋಡಿಕೊಳ್ಳಬೇಕು.